ಅಡುಗೆಮನೆಯ ರಾಣಿಗೆ ರಾಜೀನಾಮೆ ಕೊಡಲು ಬಿಡಿ

"ರಾತ್ರಿಗೆ ಏನು ಮಾಡ್ಲಿ?" ಎಂದು ಹೆಂಡತಿ ಕೇಳುತ್ತಾಳೆ. "ಏನಾದ್ರೂ ಮಾಡು" ಎಂದು ಗಂಡ ಹೇಳುತ್ತಾನೆ. ಹೀಗೆ ಹೇಳಿದವನಿಗೆ ತಾನು ಬಹಳ ಸರಳ ಮನುಷ್ಯ, ಊಟದ ವಿಷಯದಲ್ಲಿ ತಕರಾರೇ ಇಲ್ಲದವನು ಎಂಬ ತೃಪ್ತಿ. "ನಮ್ಮನೆಯವ್ರು ಏನು ಹಾಕಿದ್ರೂ ತಿಂತಾರೆ, ಪಾಪ" ಎಂದು ಅವಳೇ ನಾಲ್ಕು ಜನರ ಮುಂದೆ ಸರ್ಟಿಫಿಕೇಟನ್ನೂ ಕೊಟ್ಟಿರುತ್ತಾಳೆ. ಎರಡು ಗಂಟೆ ಕಳೆದ ಮೇಲೆ ಅದೇ ಸರಳ ಮನುಷ್ಯ ತಟ್ಟೆಯ ಮುಂದೆ ಕೂತು, ಸಾರಿನ ಪಾತ್ರೆಯೊಳಗೆ ಸೌಟು ಆಡಿಸಿ, "ಮತ್ತೆ ಸೋರೆಕಾಯಾ?" ಎನ್ನುತ್ತಾನೆ. ಏನಾದರೂ ಮಾಡು ಎಂದವನಿಗೆ ಸೋರೆಕಾಯಿ ಯಾಕಾಗಬಾರದು ಎಂದು ಯಾರೂ ಕೇಳುವುದಿಲ್ಲ.

ಈ ಮಾತಿನ ಹಿಂದೆ ಒಂದು ನಂಬಿಕೆ ಕೂತಿದೆ. ಒಂದು ಮನೆ ವಾರವಿಡೀ ಏನು ಉಣ್ಣಬೇಕು, ಅದಕ್ಕೆ ಏನೇನು ತರಬೇಕು, ಎಷ್ಟು ತರಬೇಕು, ಯಾವುದು ಮೊದಲು ಖಾಲಿಯಾಗಬೇಕು ಎಂದು ಲೆಕ್ಕ ಹಾಕುವುದು ಕೆಲಸವೇ ಅಲ್ಲ, ಅದು ಹೆಂಗಸರಿಗೆ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ. ಅಡುಗೆ ಮಾಡುವುದು ಕೆಲಸ ಎಂದು ಈಗೀಗ ಕೆಲವರು ಒಪ್ಪುತ್ತಾರೆ. ಭಾನುವಾರ ಈರುಳ್ಳಿ ಹೆಚ್ಚಿ ಫೋಟೊ ಹಾಕುವ ಗಂಡಸರೂ ಇದ್ದಾರೆ. ಆದರೆ ಏನು ಅಡುಗೆ ಎಂಬ ಯೋಚನೆ ಮಾತ್ರ ಅವಳ ತಲೆಯಿಂದ ಕೆಳಗಿಳಿದಿಲ್ಲ. ಗಂಡಂದಿರು ಹಾಗೆ ನಂಬಿದ್ದಾರೆ, ಅತ್ತೆಯಂದಿರೂ ನಂಬಿದ್ದಾರೆ. ಮಸಾಲೆ ಪುಡಿಯ ಜಾಹೀರಾತೂ ನಮ್ಮ ಪತ್ರಿಕೆಗಳ ಮಹಿಳಾ ಪುರವಣಿಯೂ ಅದನ್ನೇ ಹೇಳುತ್ತವೆ. ಇಷ್ಟು ಜನ ಹೇಳಿದ ಮೇಲೆ ಸುಳ್ಳೂ ಸತ್ಯದ ಹಾಗೆ ಕೇಳಿಸುತ್ತದೆ. ನನಗೆ ಇದರಲ್ಲಿ ಕಾಣುವುದು ಶುದ್ಧ ಸೋಮಾರಿತನ, ಅದಕ್ಕೆ ಸಂಸ್ಕೃತಿಯ ಶಾಲು ಹೊದಿಸಿ ಕೂರಿಸಿದ್ದೇವೆ.

ಈ 'ತಾನಾಗಿಯೇ ಬರುವ' ಕೆಲಸ ಎಂಥದ್ದು ಎಂದು ಒಮ್ಮೆ ಹತ್ತಿರದಿಂದ ನೋಡೋಣ. ಭಾನುವಾರ ಬೆಳಗ್ಗೆ ಇಡ್ಲಿ ಬೇಕು. ಹಾಗಾದರೆ ಶನಿವಾರ ಮಧ್ಯಾಹ್ನವೇ ಉದ್ದಿನಬೇಳೆ ನೆನೆದಿರಬೇಕು, ಸಂಜೆ ರುಬ್ಬಿರಬೇಕು, ರಾತ್ರಿಯೆಲ್ಲ ಹಿಟ್ಟು ಹುದುಗಬೇಕು. ಡಿಸೆಂಬರಿನ ಚಳಿಗೆ ಅದು ಏಳುವುದೇ ಇಲ್ಲ, ಪಾತ್ರೆಗೆ ಬಟ್ಟೆ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಡಬೇಕು. ಏಪ್ರಿಲ್ ಸೆಕೆಗೆ ಅದೇ ಹಿಟ್ಟು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿರುತ್ತದೆ. ಭಾನುವಾರ ಇಡ್ಲಿಯಾಗಿ ಮಿಕ್ಕ ಹಿಟ್ಟಿಗೆ ಸ್ವಲ್ಪ ಅಕ್ಕಿಹಿಟ್ಟು ಸೇರಿಸಿ ಸೋಮವಾರ ದೋಸೆ. ಮಂಗಳವಾರಕ್ಕೆ ಹುಳಿ ಬಂದಿರುತ್ತದೆ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಕೊಚ್ಚಿ ಹಾಕಿದರೆ ಪಡ್ಡು. ತಿನ್ನುವವರಿಗೆ ಮೂರು ದಿನ ಮೂರು ತಿಂಡಿ. ಹಿಂದೆ ನಿಂತವಳಿಗೆ ಅದು ಶುಕ್ರವಾರವೇ ಮಾಡಿದ ಒಂದು ತೀರ್ಮಾನ.

ತಿಂಡಿಯೊಂದೇ ಅಲ್ಲವಲ್ಲ. ಮಾವನವರಿಗೆ ಸಕ್ಕರೆ ಕಾಯಿಲೆ, ರಾತ್ರಿ ಅನ್ನ ಬೇಡ, ಮುದ್ದೆಯೋ ಚಪಾತಿಯೋ ಆಗಬೇಕು. ಅತ್ತೆಯವರದು ಗುರುವಾರ ರಾಯರ ವಾರ, ಈರುಳ್ಳಿ ಬೆಳ್ಳುಳ್ಳಿ ಆಗದು. ಮಗನ ಡಬ್ಬಿಗೆ ಹುಳಿ ಹಾಕಿದರೆ ಪುಸ್ತಕಕ್ಕೆಲ್ಲ ಸೋರುತ್ತದೆ, ಪಲ್ಯ ಗಟ್ಟಿಯಾಗಿರಬೇಕು. ಮಗಳು ಬದನೆಕಾಯಿ ಮುಟ್ಟುವುದಿಲ್ಲ. ಫ್ರಿಜ್ಜಿನಲ್ಲಿ ಅರ್ಧ ಹೋಳು ತೆಂಗಿನಕಾಯಿ ಇದೆ, ನಾಳೆ ಬಿಟ್ಟರೆ ನಾಡಿದ್ದು ಲೋಳೆ ಬರುತ್ತದೆ. ಮೊಸರು ಹುಳಿಯಾಗಿದೆ, ಮಜ್ಜಿಗೆ ಹುಳಿಗೆ ಬಂತು, ಆದರೆ ಅದಕ್ಕೆ ಬೂದುಗುಂಬಳ ಬೇಕು. ದಂಟಿನ ಸೊಪ್ಪು ಇಂದೇ ಆಗಬೇಕು, ಹುರುಳಿಕಾಯಿ ಎರಡು ದಿನ ತಾಳುತ್ತದೆ, ಗೆಡ್ಡೆಕೋಸು ವಾರ ತಾಳುತ್ತದೆ. ಸಿಲಿಂಡರ್ ಇನ್ನೆಷ್ಟು ದಿನ ಬಂದೀತೋ ತಿಳಿಯದು, ಹಾಗಾಗಿ ಕಾಳು ಬೇಯಿಸುವುದನ್ನು ಹೊಸದು ಬಂದ ಮೇಲೆ ಇಟ್ಟುಕೊಳ್ಳಬೇಕು. ತಿಂಗಳ ಕೊನೆ, ಪನೀರಿನ ಮಾತು ಬೇಡ. ಇಷ್ಟನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು, ಆಫೀಸಿನ ಮೀಟಿಂಗಿನಲ್ಲೋ ಬಸ್ಸಿನ ಕಂಬ ಹಿಡಿದು ನಿಂತೋ ಅವಳು ರಾತ್ರಿಯ ಅಡುಗೆ ಗೊತ್ತುಮಾಡುತ್ತಾಳೆ. ಇದನ್ನು ಕಂಪನಿಯಲ್ಲಿ ಮಾಡುವವರಿಗೆ ಸಪ್ಲೈ ಚೈನ್ ಮ್ಯಾನೇಜರ್ ಎಂಬ ಹೆಸರಿದೆ, ಕ್ಯಾಬಿನ್ ಇದೆ, ವರ್ಷಕ್ಕೊಮ್ಮೆ ಬಡ್ತಿ ಇದೆ.

ಕಂಪನಿಯ ತನಕ ಯಾಕೆ ಹೋಗಬೇಕು, ಮದುವೆ ಮನೆಗೇ ಬನ್ನಿ. ಅಡುಗೆ ಭಟ್ಟರನ್ನು ಗೊತ್ತುಮಾಡಿದ ದಿನ ಅವರು ಮೊದಲು ಕೇಳುವುದು ಒಂದು ಹಾಳೆ ಮತ್ತು ಪೆನ್ನು. ಎಷ್ಟು ಎಲೆ ಬೀಳುತ್ತದೆ, ಹಿಂದಿನ ದಿನದ ವರಪೂಜೆಗೆ ಎಷ್ಟು, ಬೀಗರ ಔತಣಕ್ಕೆ ಎಷ್ಟು ಎಂದು ಕೇಳಿ ಸಾಮಾನಿನ ಪಟ್ಟಿ ಬರೆಯುತ್ತಾರೆ. ತೊಗರಿಬೇಳೆ ಇಷ್ಟು ಕೆಜಿ, ತೆಂಗಿನಕಾಯಿ ಇಷ್ಟು, ಬೆಲ್ಲ ಇಷ್ಟು ಅಚ್ಚು, ಬ್ಯಾಡಗಿ ಇಷ್ಟು ಗುಂಟೂರು ಇಷ್ಟು, ಎಲೆ ಕಟ್ಟು ಇಷ್ಟು. ಆ ಪಟ್ಟಿಯನ್ನು ಮನೆಯ ಯಜಮಾನ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾನೆ, ಜೊತೆಗೆ ಮುಂಗಡವನ್ನೂ ಕೊಡುತ್ತಾನೆ. "ಭಟ್ಟರ ಅಂದಾಜು ಅಂದ್ರೆ ಅಂದಾಜು, ಒಂದು ಕಾಯಿ ಹೆಚ್ಚಾಗಲ್ಲ, ಒಂದು ಕಾಯಿ ಕಮ್ಮಿಯಾಗಲ್ಲ" ಎಂದು ಹೊಗಳುತ್ತಾನೆ. ಅದೇ ಅಂದಾಜನ್ನು ಅವನ ಹೆಂಡತಿ ಮದುವೆಯಾದಾಗಿನಿಂದ ದಿನವೂ ಹಾಕುತ್ತಿದ್ದಾಳೆ. ಗಂಡಸು ಬರೆದ ಪಟ್ಟಿ ವಿದ್ಯೆ, ಹೆಂಗಸಿನ ತಲೆಯೊಳಗಿನ ಪಟ್ಟಿ ಸ್ವಭಾವ ಎಂದು ಯಾವ ಶಾಸ್ತ್ರ ಹೇಳಿತು?

ಲೆಕ್ಕ ಬೇಕು ಎನ್ನುವವರಿಗೆ ಲೆಕ್ಕವೂ ಇದೆ. ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 97 ನಿಮಿಷ. ಅದೂ ಕೆಲಸ ಮಾಡುವ ಗಂಡಸರ ಸರಾಸರಿ. ಮನೆಗೆಲಸಕ್ಕೆ ಕೈಹಚ್ಚುವ ಹೆಂಗಸರು ನೂರಕ್ಕೆ 81, ಗಂಡಸರು 26. ಬಸ್ಸಿನಲ್ಲಿ ನಿಂತು ನಾಳೆಯ ಡಬ್ಬಿ ಯೋಚಿಸುವ ಹೊತ್ತನ್ನು ಯಾವ ನಿಮಿಷಕ್ಕೆ ಸೇರಿಸೋಣ?

2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದೇ ಅಂಕಿಗಳನ್ನು ಎತ್ತಿ ಹೇಳಿ, ಗೃಹಿಣಿಯ ದುಡಿಮೆಗೂ ಹಣದ ಬೆಲೆ ಕಟ್ಟಬೇಕು ಎಂದು ತೀರ್ಪು ಕೊಟ್ಟಿತು. ಮುಖ್ಯ ಮಾತು ಇಲ್ಲಿದೆ: ಅದು ರಸ್ತೆ ಅಪಘಾತದ ಪರಿಹಾರದ ಪ್ರಕರಣ. ಅವಳ ಕೆಲಸಕ್ಕೆ ಬೆಲೆ ಕಟ್ಟಬೇಕೆಂದು ನಮ್ಮ ವ್ಯವಸ್ಥೆಗೆ ಅನ್ನಿಸುವುದು ಅವಳು ಸತ್ತ ಮೇಲೆ, ಅದೂ ವಿಮಾ ಕಂಪನಿ ದುಡ್ಡು ಕೊಡಬೇಕಾಗಿ ಬಂದಾಗ. ಬದುಕಿದ್ದಾಗ ಅವಳಿಗೆ ಸಿಗುವುದು ರಾಣಿಯ ಪಟ್ಟ.

"ಅಡುಗೆಮನೆ ಅವಳ ರಾಜ್ಯ, ಅಲ್ಲಿ ನಾವು ಕೈಹಾಕಲ್ಲ" ಎಂದು ನಗುತ್ತಾ ಹೇಳುವವರನ್ನು ನೀವೂ ನೋಡಿದ್ದೀರಿ. ಎಂಥ ರಾಜ್ಯವಪ್ಪ ಇದು! ರಾಣಿಗೆ ಖಜಾನೆ ಇಲ್ಲ, ತರಕಾರಿಗೆ ಐನೂರು ರೂಪಾಯಿ ಬೇಕಾದರೆ ಕೇಳಬೇಕು, ಕೇಳಿದರೆ ಮೊನ್ನೆ ಕೊಟ್ಟದ್ದೇನಾಯಿತು ಎಂಬ ಲೆಕ್ಕ ಒಪ್ಪಿಸಬೇಕು. ರಾಣಿಗೆ ರಜೆ ಇಲ್ಲ, ಜ್ವರ ಬಂದರೂ ಹಾಸಿಗೆಯಿಂದಲೇ "ಬೇಳೆ ಮೇಲಿನ ಡಬ್ಬದಲ್ಲಿದೆ, ನೀಲಿ ಮುಚ್ಚಳದ್ದು" ಎಂದು ಆಜ್ಞೆ ಹೊರಡಿಸುತ್ತಿರಬೇಕು. ತವರಿಗೆ ನಾಲ್ಕು ದಿನ ಹೋಗಬೇಕಾದರೆ ನಾಲ್ಕು ದಿನದ ಸಾರಿನ ಪುಡಿ, ಚಟ್ನಿಪುಡಿ, ಗೊಜ್ಜು ಮಾಡಿಟ್ಟು, ಡಬ್ಬಗಳಿಗೆ ಚೀಟಿ ಅಂಟಿಸಿ ಹೋಗಬೇಕು. 2023-24ರ ಗೃಹಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ನಗರದ ಮನೆಗಳು ರೂಪಾಯಿಗೆ ಸುಮಾರು 40 ಪೈಸೆಯನ್ನೂ ಹಳ್ಳಿಯ ಮನೆಗಳು 47 ಪೈಸೆಯನ್ನೂ ಊಟತಿಂಡಿಗೇ ಖರ್ಚು ಮಾಡುತ್ತವೆ. ಟಿವಿ ಕೊಳ್ಳುವಾಗ ಮನೆಮಂದಿಯೆಲ್ಲ ಕೂತು ತಿಂಗಳುಗಟ್ಟಲೆ ಚರ್ಚಿಸುತ್ತೇವೆ. ಖರ್ಚಿನ ಅರ್ಧದಷ್ಟು ಹೋಗುವ ಬಾಬತ್ತನ್ನು ಮಾತ್ರ ಚರ್ಚೆಯೇ ಇಲ್ಲದೆ ಒಬ್ಬಳ ತಲೆಗೆ ಕಟ್ಟಿ, ಬೆಲೆ ಏರಿದಾಗ "ನಿನಗೆ ಸಂಸಾರ ನಿಭಾಯಿಸೋಕೆ ಬರಲ್ಲ" ಎನ್ನುತ್ತೇವೆ.

ಇನ್ನೂ ಕೆಟ್ಟದ್ದಿದೆ. ಎಲ್ಲರ ಇಷ್ಟಾನಿಷ್ಟ ತಲೆಯಲ್ಲಿಟ್ಟುಕೊಂಡು ಅಡುಗೆ ಗೊತ್ತುಮಾಡುವವಳ ಇಷ್ಟ ಏನು? ನಿಮ್ಮ ತಾಯಿಗೆ ಯಾವ ಪಲ್ಯ ಇಷ್ಟ ಎಂದು ಯಾರನ್ನಾದರೂ ದಿಢೀರನೆ ಕೇಳಿ ನೋಡಿ. ಬಹಳ ಜನ ತಡವರಿಸುತ್ತಾರೆ. "ಅಮ್ಮಂಗೆ ಎಲ್ಲಾ ಇಷ್ಟ" ಎಂಬ ಉತ್ತರ ಬರುತ್ತದೆ. ಎಲ್ಲರದೂ ಆದ ಮೇಲೆ ತಳ ಕೆರೆದು ಉಣ್ಣುವವಳಿಗೆ ಇಷ್ಟಕಷ್ಟ ಎಲ್ಲಿಂದ ಬರಬೇಕು? ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 47.8% ಮಂದಿಗೆ ರಕ್ತಹೀನತೆ ಕಂಡುಬಂದಿದೆ. ರಕ್ತಹೀನತೆಗೆ ಕಾರಣಗಳು ಹಲವು, ಊಟವೊಂದೇ ಅಲ್ಲ. ಆದರೂ ಇಡೀ ಮನೆಯ ಊಟ ಯೋಚಿಸುವ ಕೈಗಳಲ್ಲೇ ಅರ್ಧದಷ್ಟು ರಕ್ತವಿಲ್ಲದೆ ಬಿಳಚಿಕೊಂಡಿವೆ ಎಂದರೆ, ಆ ಯೋಚನೆಯಲ್ಲಿ ಅವಳ ತಟ್ಟೆ ಸೇರಿಯೇ ಇಲ್ಲ ಎಂದು ಅನುಮಾನ ಪಡಬೇಡವೇ? ಮೊಟ್ಟೆ ಮಗನಿಗೆ, ಹಾಲು ಮಾವನವರಿಗೆ, ಸೊಪ್ಪಿನ ಸಾರಿನ ಗಟ್ಟಿ ಗಂಡನಿಗೆ, ತಿಳಿ ಅವಳಿಗೆ.

"ಮೆನು ಗಿನು ಎಲ್ಲ ಫಾರಿನ್ ಕಲ್ಪನೆ, ನಮ್ಮಮ್ಮ ಯಾವತ್ತು ಚಾರ್ಟ್ ಹಾಕಿದ್ಲು?" ಎನ್ನುವವರಿಗೆ ಒಂದು ಮಾತು. ನಿಮ್ಮಮ್ಮನಿಗೆ ಚಾರ್ಟು ಗೋಡೆಯ ಮೇಲೇ ಇತ್ತು, ಪಂಚಾಂಗದ ಕ್ಯಾಲೆಂಡರು ಎಂದು ಅದರ ಹೆಸರು. ಏಕಾದಶಿ ಯಾವತ್ತು, ಸಂಕಷ್ಟಿ ಯಾವತ್ತು, ಶ್ರಾವಣ ಶುರುವಾದರೆ ಮಾಂಸ ಎಷ್ಟು ದಿನ ಇಲ್ಲ, ಊರ ಸಂತೆ ಯಾವ ವಾರ ಎಂಬುದರ ಮೇಲೆ ಅವಳ ವಾರ ನಿಂತಿತ್ತು. ಸಂತೆಯ ಮಾರನೆ ದಿನ ಸೊಪ್ಪು, ವಾರದ ಕೊನೆಗೆ ಕಾಳು, ತೀರಾ ಏನೂ ಇಲ್ಲದ ದಿನ ಹುಣಸೆಹಣ್ಣಿನ ಗೊಜ್ಜು. ಫೆಬ್ರವರಿ ಮಾರ್ಚಿನಲ್ಲಿ ವರ್ಷದ ಮೆಣಸಿನಕಾಯಿ ಕೊಂಡು, ತೊಟ್ಟು ಮುರಿದು ಒಣಗಿಸುತ್ತಿದ್ದಳು, ಬೇಸಿಗೆಗೆ ಹಪ್ಪಳ ಸಂಡಿಗೆ. ಮಲೆನಾಡಿನವಳಾದರೆ ಅಪ್ಪೆಮಿಡಿ ಮತ್ತು ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಕರಾವಳಿಯಲ್ಲಿ ಈಗಲೂ ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳಿಗಾಗಿ ಒಣಮೀನನ್ನು ಮಳೆ ಹಿಡಿಯುವ ಮೊದಲೇ ಅಟ್ಟಕ್ಕೇರಿಸುವುದು ಯೋಜನೆಯಲ್ಲದೆ ಮತ್ತೇನು? ಆಗ ಒಂದು ವ್ಯತ್ಯಾಸವಿತ್ತು, ಹಳಬರನ್ನು ಹೊಗಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಸಂತೆಗೆ ಅಪ್ಪ ಹೋಗುತ್ತಿದ್ದ, ಹೊಲದಲ್ಲಿ ಬೆಳೆದದ್ದನ್ನು ಅಜ್ಜ ತರುತ್ತಿದ್ದ, ಹಪ್ಪಳಕ್ಕೆ ಅಕ್ಕಪಕ್ಕದವರು ಕೂರುತ್ತಿದ್ದರು. ದೊಡ್ಡ ಸಂಸಾರ ಒಡೆದು ಮೂರು ಕೋಣೆಯ ಫ್ಲ್ಯಾಟಿಗೆ ಬಂದಾಗ ಅಷ್ಟು ಜನರ ಕೆಲಸವೆಲ್ಲ ಒಬ್ಬಳ ಪಾಲಿಗೆ ಬಂತು. ಅದಕ್ಕೆ ಅವಳ ಆಫೀಸು ಬೇರೆ ಸೇರಿತು.

ಈಗ ಹೊಸ ವಾದ ಹುಟ್ಟಿದೆ: ಯೋಚನೆಯೇ ಬೇಡ, ಆ್ಯಪ್ ಇದೆ. ಬೇಕೆನಿಸಿದ ಕೂಡಲೇ ಒತ್ತಿದರೆ ಒಗ್ಗರಣೆ ಸಿಡಿಯುವಷ್ಟರಲ್ಲಿ ಕರಿಬೇವು ಬಾಗಿಲಿಗೆ ಬರುತ್ತದೆ. ಬೆಂಗಳೂರಿನಲ್ಲಿ ಈ ವಾದ ಧರ್ಮದ ಹಾಗೆ ಹಬ್ಬಿದೆ, ಮೈಸೂರು ಹುಬ್ಬಳ್ಳಿ ಮಂಗಳೂರುಗಳಿಗೂ ಇಳಿದಿದೆ. ಕರಿಬೇವು ಬಂತು, ಸರಿ. ಕರಿಬೇವು ಮುಗಿದಿದೆ ಎಂದು ನೆನಪಿಟ್ಟವರು ಯಾರು? ಆ್ಯಪ್ ಹೊತ್ತದ್ದು ಚೀಲವನ್ನು, ನೆನಪನ್ನಲ್ಲ. ನೆನಪಿನ ಕೆಲಸ ಈಗ ಹೆಚ್ಚೇ ಆಗಿದೆ, ಏಕೆಂದರೆ ವಾರಕ್ಕೊಂದು ಸಲ ಕೂತು ಮಾಡುತ್ತಿದ್ದ ಲೆಕ್ಕವನ್ನು ದಿನಕ್ಕೆ ಮೂರು ಸಲ ಚೂರುಚೂರಾಗಿ ಮಾಡಬೇಕಾಗಿದೆ.

ಮತ್ತೆ ಆ ಪರದೆಯ ಮೇಲೆ ಏನು ನಡೆಯುತ್ತದೆ ನೋಡಿ. ಒಂದು ಕಟ್ಟು ಪುದೀನಕ್ಕೆಂದು ತೆರೆದರೆ, ಇನ್ನಿಷ್ಟು ರೂಪಾಯಿಯದು ಸೇರಿಸಿದರೆ ಡೆಲಿವರಿ ಉಚಿತ ಎನ್ನುತ್ತದೆ. ಸೇರಿಸುವುದು ಬೀಟ್‌ರೂಟನ್ನಲ್ಲ, ಚಿಪ್ಸನ್ನು. ಬಿಲ್ಲಿನ ಕೆಳಗೆ ನಿರ್ವಹಣಾ ಶುಲ್ಕ ಒಂದಿಷ್ಟು, ಮಳೆ ಬಂದರೆ ಮಳೆಯ ಶುಲ್ಕ. ಗ್ರಾಹಕನ ಕಣ್ಣಿಗೆ ಮಣ್ಣೆರಚುವ ಇಂಥ ಹದಿಮೂರು ಬಗೆಯ ಚಾಳಿಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಪಟ್ಟಿ ಮಾಡಿ ನಿಷೇಧಿಸಿತು. ಕೇಳದೆಯೇ ಬುಟ್ಟಿಗೆ ಸಾಮಾನು ಸೇರಿಸುವುದು, ಶುಲ್ಕವನ್ನು ಕೊನೆಗೆ ತೋರಿಸುವುದು, ಇನ್ನೇನು ಮುಗಿಯಿತು ಎಂದು ಸುಳ್ಳು ಅವಸರ ಹುಟ್ಟಿಸುವುದು ಎಲ್ಲವೂ ಅದರಲ್ಲಿವೆ. ನಿಷೇಧಿಸಬೇಕಾಗಿ ಬಂತು ಎಂದರೆ ನಡೆಯುತ್ತಿತ್ತು ಎಂದೇ ಅರ್ಥ. ನಗರದವರ ಊಟದ ಖರ್ಚಿನಲ್ಲಿ ಅತಿ ದೊಡ್ಡ ಬಾಬತ್ತು ಈಗ ಅಕ್ಕಿಯೂ ಅಲ್ಲ, ಹಾಲೂ ಅಲ್ಲ, ತರಕಾರಿಯೂ ಅಲ್ಲ. ಪಾನೀಯ ಮತ್ತು ಸಿದ್ಧ ತಿನಿಸುಗಳದೇ ಅಗ್ರಸ್ಥಾನ, ಒಟ್ಟು ಖರ್ಚಿನ 11.09%. ಯೋಚನೆ ಬಿಟ್ಟವರ ಪರವಾಗಿ ಕಂಪನಿಗಳು ಯೋಚಿಸುತ್ತಿವೆ, ಅಷ್ಟೇ.

ಒಳಗೆ ಬಂದದ್ದು ಹೊಟ್ಟೆಗಾದರೂ ಹೋಗುತ್ತದೆಯೇ? ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕೆಜಿ ಆಹಾರ ಹಾಳಾಗುತ್ತದೆ ಎಂಬುದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜು. ನಾಲ್ವರ ಮನೆಗೆ 220 ಕೆಜಿ. ಫ್ರಿಜ್ಜಿನ ತಳದ ಡಬ್ಬಿ ಎಳೆದು ನೋಡಿ: ಪ್ಲಾಸ್ಟಿಕ್ಕಿನಲ್ಲಿ ಕಪ್ಪು ನೀರಾದ ಕೊತ್ತಂಬರಿ, ಮೊಳಕೆ ಬಂದ ಆಲೂಗಡ್ಡೆ, ಯಾವುದೋ ಆಫರಿನಲ್ಲಿ ಒಂದಕ್ಕೊಂದು ಬಂದ ಅಣಬೆ. ಅದನ್ನು ತೆಗೆದು ಎಸೆದು ಡಬ್ಬಿ ತೊಳೆಯುವವರು ಯಾರು ಎಂದು ಬೇರೆ ಹೇಳಬೇಕಿಲ್ಲ. ಸಾಮಾನು ಹೊತ್ತು ಮೂರು ಮಹಡಿ ಹತ್ತಿ ಬರುವ ಹುಡುಗನ ಕಷ್ಟ ಬೇರೆಯದೇ ಕಥೆ. ಅವನಿಗೆ 2025ರಲ್ಲಿ ನಮ್ಮ ರಾಜ್ಯ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನನ್ನಾದರೂ ಮಾಡಿತು, ಒಳ್ಳೆಯದಾಯಿತು. ಉಪ್ಪು ತರುವವನಿಗೆ ಒಂದು ಕಾನೂನು ಬಂತು, ಉಪ್ಪು ಮುಗಿದದ್ದನ್ನು ಗಮನಿಸುವವಳಿಗೆ ಒಂದು ಮಾತಿನ ಕೃತಜ್ಞತೆಯೂ ಇಲ್ಲ.

"ನಾನು ಹೆಲ್ಪ್ ಮಾಡ್ತೀನಲ್ಲ, ತರಕಾರಿ ನಾನೇ ತರೋದು" ಎನ್ನುವ ವರ್ಗವನ್ನು ಬಿಟ್ಟರೆ ಅನ್ಯಾಯವಾದೀತು. ಇವರು ಅಂಗಡಿಯೊಳಗೆ ಹೋಗಿ ಫೋನ್ ಹಚ್ಚುತ್ತಾರೆ. "ಹೆಸರುಬೇಳೆ ಅಂದ್ಯಾ, ಹೆಸರುಕಾಳು ಅಂದ್ಯಾ?" "ಬೇಳೆ ರೀ." "ಎಷ್ಟು?" "ಒಂದು ಕೆಜಿ." "ಯಾವ ಕಂಪನೀದು?" "ಯಾವುದಾದ್ರೂ." "ಎರಡು ಥರ ಇದೆ, ಒಂದು ಹಳದಿ ಜಾಸ್ತಿ." ಆಮೇಲೆ ವಿಡಿಯೊ ಕಾಲ್. ಒಲೆಯ ಮೇಲೆ ಸಾಸಿವೆ ಸೀಯುತ್ತಿರುವಾಗ ಅವಳು ಒಂದು ಕೈಯಲ್ಲಿ ಫೋನು ಹಿಡಿದು, ಮೆಂತ್ಯ ಸೊಪ್ಪಿನ ಕಟ್ಟನ್ನು ಎಳೆಯದೋ ಬಲಿತದ್ದೋ ಎಂದು ಪರದೆಯಲ್ಲೇ ಪರೀಕ್ಷಿಸಬೇಕು. ಮನೆಗೆ ಬಂದವನು ಚೀಲ ಕಟ್ಟೆಯ ಮೇಲಿಟ್ಟು ಯುದ್ಧ ಗೆದ್ದವನ ಹಾಗೆ ಕೂರುತ್ತಾನೆ. ಬೇಳೆ ತರಬೇಕೆಂದು ನೆನಪಿಟ್ಟವಳು ಅವಳು, ಪಟ್ಟಿ ಹೇಳಿದವಳು ಅವಳು, ಆರಿಸಿಕೊಟ್ಟವಳೂ ಅವಳು. ಅವನು ಬರೀ ಕೂಲಿ. ಕೂಲಿ ಮರ್ಯಾದಸ್ಥ ಕೆಲಸ, ಆದರೆ ಕೂಲಿಯವನು ತಾನೇ ಯಜಮಾನ ಎಂದು ಹೇಳಿಕೊಳ್ಳುವುದಿಲ್ಲ.

ಗಂಡಸರಿಗೆ ಈ ಕೆಲಸ ಬರುವುದಿಲ್ಲ ಎಂಬುದು ಹಸಿ ಸುಳ್ಳು. ಬೆಂಗಳೂರಿನ ಯಾವುದೇ ಬ್ಯಾಚುಲರ್ ರೂಮಿಗೆ ಹೋಗಿ. ಊರಿಂದ ಬಂದ ನಾಲ್ವರು ಹುಡುಗರು ಇರುತ್ತಾರೆ. ಅಡುಗೆ ಯಾರದು, ಪಾತ್ರೆ ಯಾರದು, ಯಾವ ದಿನ ಚಿತ್ರಾನ್ನ, ಯಾವ ದಿನ ಮೊಟ್ಟೆ ಸಾರು ಎಂದು ಸರದಿ ಇರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಎಣ್ಣೆ, ಅಕ್ಕಿ, ಗ್ಯಾಸಿನ ಲೆಕ್ಕ ಪೈಸೆಯೂ ತಪ್ಪದೆ ನಾಲ್ಕು ಭಾಗವಾಗಿರುತ್ತದೆ. ಟೊಮೆಟೊ ಕೆಜಿಗೆ ನೂರು ದಾಟಿದ ದಿನ ಹುಣಸೆಹಣ್ಣಿಗೆ ತಿರುಗುವ ಜಾಣತನವೂ ಇರುತ್ತದೆ. ಆ ನಾಲ್ವರಲ್ಲಿ ಒಬ್ಬನಿಗೆ ಮದುವೆಯಾಗಲಿ. ಆರು ತಿಂಗಳಲ್ಲಿ ಅವನಿಗೆ ಜೀರಿಗೆ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ತಾಳಿ ಕಟ್ಟುವಾಗ ಗಂಡಸಿನ ನೆನಪಿನ ಶಕ್ತಿಗೆ ಅದೇನಾಗುತ್ತದೆಯೋ, ವೈದ್ಯರು ಸಂಶೋಧನೆ ಮಾಡಬೇಕು. ಅಮೆರಿಕದ ಕನ್ನಡಿಗರಲ್ಲಿ ಇನ್ನೊಂದು ಮೋಜಿದೆ. ಅಲ್ಲಿ ಇಂಡಿಯನ್ ಸ್ಟೋರು ದೂರ, ಮರೆತರೆ ಮತ್ತೆ ಹೋಗಲಾಗದು ಎಂದು ಗಂಡನೂ ಪಟ್ಟಿ ಹಿಡಿದು ಶನಿವಾರ ಗಾಡಿ ತಳ್ಳುತ್ತಾನೆ. ಅದೇ ಮನುಷ್ಯ ರಜೆಗೆ ಬಸವನಗುಡಿಗೆ ಬಂದರೆ ಸೋಫಾದಿಂದ ಏಳದೆ ಕಾಫಿಗೆ ಕೂಗು ಹಾಕುತ್ತಾನೆ. ಬರುವುದು ಬಾರದಿರುವುದು ಅಲ್ಲ, ಮಾಡದಿದ್ದರೂ ನಡೆಯುತ್ತದೆ ಎಂಬ ಧೈರ್ಯ.

ನಮ್ಮ ಬರಹಗಾರರ ಪಾಲೂ ಇದರಲ್ಲಿದೆ. 'ಜಾಣ ಗೃಹಿಣಿಗೆ ಹತ್ತು ಸಲಹೆ', 'ವಾರಕ್ಕೇಳು ತಿಂಡಿ: ಗಂಡ ಮಕ್ಕಳನ್ನು ಗೆಲ್ಲಿ' ಎಂದು ಪುಟ ತುಂಬಿಸಿದವರು ನಾವೇ. ಭಾನುವಾರ ತರಕಾರಿ ಹೆಚ್ಚಿ ಡಬ್ಬಕ್ಕೆ ಹಾಕಿಡಿ, ತೆಂಗಿನತುರಿ ಫ್ರೀಜರಿನಲ್ಲಿಡಿ, ಬೆಳ್ಳುಳ್ಳಿ ಸುಲಿದಿಡಿ ಎಂಬ ಸಲಹೆಗಳಲ್ಲಿ ತಪ್ಪಿಲ್ಲ, ಎಲ್ಲವೂ ಉಪಯುಕ್ತ. ಆದರೆ ಪ್ರತಿ ಸಲಹೆಯೂ ಅವಳಿಗೇ ಯಾಕೆ? ಭಾರ ಹೆಚ್ಚಾಯಿತು ಎಂದು ಅತ್ತವಳಿಗೆ ಭಾರ ಹೊರುವ ಹೊಸ ವಿಧಾನ ಕಲಿಸುವುದು ಉಪಕಾರವೇ? 'ಜಾಣ ಗಂಡನಿಗೆ ಹತ್ತು ಸಲಹೆ' ಎಂಬ ತಲೆಬರಹ ನೀವು ಎಲ್ಲಾದರೂ ನೋಡಿದ್ದೀರಾ?

ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ವಾರದ ಪಟ್ಟಿ ಇದೆ. 2024ರ ಸೆಪ್ಟೆಂಬರಿನಿಂದ ಆ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ, ಅದೂ ಲೆಕ್ಕ ಹಾಕಿ ಬರೆದದ್ದರಿಂದ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನಲ್ಲೂ ಯಾವ ದಿನ ಏನು ತಿಂಡಿ ಎಂಬ ಪಟ್ಟಿ ಇದೆ. ಹಾಸ್ಟೆಲ್ಲಿನ ಗೋಡೆಯ ಮೇಲೆ ಇದೆ. ಜೈಲಿನಲ್ಲೂ ಇದೆ. ಊಟ ನಾಲ್ಕು ಜನರಿಗೆ ಸಂಬಂಧಿಸಿದ್ದು ಎಂದು ಒಪ್ಪಿದ ಕಡೆಯಲ್ಲೆಲ್ಲ ಅದನ್ನು ಬರೆದು, ಎಲ್ಲರ ಕಣ್ಣಿಗೂ ಬೀಳುವಂತೆ ಅಂಟಿಸುತ್ತಾರೆ. ಮನೆಯಲ್ಲಿ ಮಾತ್ರ ಬರೆಯುವುದಿಲ್ಲ, ಏಕೆಂದರೆ ಬರೆದರೆ ಕೆಲಸ ಎಷ್ಟಿದೆ ಎಂದು ಕಂಡುಬಿಡುತ್ತದೆ.

ಹಾಗಾಗಿ ಬರೆಯಿರಿ. ಶನಿವಾರ ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ, ಮಕ್ಕಳೂ ಸೇರಿ, ಒಂದು ಹಾಳೆ ಹಿಡಿದು ಕೂರಿ. ಮೊದಲು ಡಬ್ಬಗಳನ್ನೂ ಫ್ರಿಜ್ಜನ್ನೂ ತೆರೆದು ಏನಿದೆ ಎಂದು ನೋಡಿ ಬನ್ನಿ, ಅದಕ್ಕೆ ಗಂಡಸರೇ ಏಳಲಿ. ಇರುವುದನ್ನು ಮುಗಿಸುವ ಅಡುಗೆ ಮೊದಲು, ಹೊಸದು ಆಮೇಲೆ. ಏಳು ದಿನಕ್ಕೂ ತಿಂಡಿ, ಡಬ್ಬಿ, ರಾತ್ರಿಯೂಟ ಬರೆಯಿರಿ. ಪ್ರತಿ ದಿನದ ಮುಂದೆ ಒಂದು ಹೆಸರು ಹಾಕಿ. ಬುಧವಾರ ನಿಮ್ಮದಾದರೆ ಏನು ಎಂದು ಯೋಚಿಸುವುದು, ಸಾಮಾನು ಇದೆಯೇ ನೋಡುವುದು, ತರುವುದು, ನೆನೆಹಾಕುವುದು, ಮಾಡುವುದು, ಕಟ್ಟೆ ಒರೆಸುವುದು ಎಲ್ಲವೂ ನಿಮ್ಮದು, ನಡುವೆ ಅವಳನ್ನು ಒಂದು ಮಾತೂ ಕೇಳುವಂತಿಲ್ಲ. ಉಪ್ಪು ಹೆಚ್ಚಾದರೆ ಆಗಲಿ, ಮೂರು ವಾರಕ್ಕೆ ಹದ ತಾನಾಗಿ ಸಿಗುತ್ತದೆ. ಅವಳಿಗೆ ಇಷ್ಟವಾದ ಒಂದು ಅಡುಗೆ ವಾರದ ಪಟ್ಟಿಯಲ್ಲಿ ಇರಲೇಬೇಕು, ಏನಿಷ್ಟ ಎಂದು ಗೊತ್ತಿಲ್ಲದಿದ್ದರೆ ಅದೇ ದಿನ ಕೇಳಿ ತಿಳಿಯಿರಿ. ದುಡ್ಡು ಒಬ್ಬರ ಜೇಬಿನಲ್ಲಿ, ಪಟ್ಟಿ ಇನ್ನೊಬ್ಬರ ತಲೆಯಲ್ಲಿ ಇರುವ ವ್ಯವಸ್ಥೆ ಸಾಕು. ವಾರದ ಊಟದ ದುಡ್ಡು ಒಂದೇ ಕಡೆ ಇರಲಿ, ಸರದಿಯಲ್ಲಿರುವವರು ಲೆಕ್ಕ ಒಪ್ಪಿಸದೆ ತೆಗೆದುಕೊಳ್ಳಲಿ.

ಅತ್ತೆಯಂದಿರಿಗೂ ಒಂದು ಮಾತು: ಮಗ ಸಾರು ಕುದಿಸುತ್ತಿರುವಾಗ "ಅಯ್ಯೋ, ನನ್ನ ಮಗನ ಕೈಲಿ ಮಾಡಿಸ್ತಿದಾಳೆ" ಎಂದು ಫೋನಿನಲ್ಲಿ ತಂಗಿಗೆ ಹೇಳಬೇಡಿ. ಅವನು ಉಣ್ಣುವವನು, ಮಾಡಲಿ. ಹೆಂಗಸರಿಗೂ ಒಂದು ಮಾತು, ಸ್ವಲ್ಪ ಕಠಿಣವಾಗಿ: ಅವನ ದಿನ ಅವನು ಹುಳಿಗೆ ಬೆಂಡೆಕಾಯಿ ದಪ್ಪ ಹೆಚ್ಚಿದನೆಂದು ಚಾಕು ಕಿತ್ತುಕೊಳ್ಳಬೇಡಿ. ಕಿತ್ತುಕೊಂಡ ದಿನವೇ ಹಳೆಯ ಪಟ್ಟ ಮತ್ತೆ ನಿಮ್ಮ ತಲೆಗೆ ಬಂದು ಕೂರುತ್ತದೆ.

ವಾರದ ಏಳು ದಿನಗಳಲ್ಲಿ ಮೂರು ದಿನವಾದರೂ, ತಟ್ಟೆಯ ಮುಂದೆ ಕೂತ ಮೇಲೆಯೇ ಇವತ್ತೇನು ಅಡುಗೆ ಎಂದು ಅವಳಿಗೆ ತಿಳಿಯುವಂತಾಗಲಿ. ಅಷ್ಟೂ ಮಾಡಲಾಗದ ಗಂಡಸರು, ಮಾಡಿ ಬಡಿಸಿದ ಊಟದ ಬಗ್ಗೆ ಬಾಯಿ ತೆರೆಯುವ ಹಕ್ಕನ್ನು ಇಂದೇ ಬಿಟ್ಟುಕೊಡಲಿ.